ಲೋಳೆಸರಕ್ಕೆ ಐದು ವರ್ಷ, ಒಂದು ಹೂವೂ ಇಲ್ಲ. ನೀರು ಕಡಿಮೆ ಬಳಸುವ ತೋಟ ಮಾಡಿದವರು ಹೇಳಿ

ಮಹಡಿ_ಮಲ್ಲಿಗೆ (ಬೆಂಗಳೂರು)
ಎಲ್ಲರಿಗೂ ನಮಸ್ಕಾರ. 2024ರ ಬೇಸಿಗೆ ನಿಮಗೂ ನೆನಪಿರಬೇಕು. ನಮ್ಮ ಬೀದಿಯ ಬೋರ್‌ವೆಲ್ ಮಾರ್ಚಿಗೇ ಕೈಕೊಟ್ಟಿತು. ಟ್ಯಾಂಕರ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತಲ್ಲ, ಆ ವರ್ಷ. ತಾರಸಿಯ ಗುಲಾಬಿ, ದಾಸವಾಳ ಎಲ್ಲ ಒಂದೊಂದಾಗಿ ಕಡ್ಡಿಯಾದವು. ನೀರಿನ ಟ್ಯಾಂಕಿನ ಹಿಂದೆ ಮರೆತುಹೋಗಿದ್ದ ಎರಡು ಲೋಳೆಸರ ಮಾತ್ರ ಏನೂ ಆಗದ ಹಾಗೆ ಕೂತಿದ್ದವು.

ಇನ್ನು ಮೇಲೆ ನೀರು ಬೇಡದ ಗಿಡಗಳೇ ಸಾಕು ಅಂತ ಅವತ್ತೇ ತೀರ್ಮಾನ ಮಾಡಿದೆ. ಆ ಎರಡರಲ್ಲಿ ಒಂದನ್ನು ಮುಂದೆ ತಂದು ದೊಡ್ಡ ಕುಂಡಕ್ಕೆ ಹಾಕಿದೆ. ಜೊತೆಗೆ ಹನ್ನೆರಡು ಹೊಸದು ತಂದೆ. ಅದರಲ್ಲಿ ಒಂದು ನರ್ಸರಿಯಲ್ಲೇ ಕಿತ್ತಳೆ ಹೂವು ಬಿಟ್ಟಿತ್ತು. ಮನೆಗೆ ಬಂದು ಹೂವು ಒಣಗಿದ್ದೇ ಕೊನೆ. ಹಳೆಯ ಗಿಡಕ್ಕೆ ಐದು ವರ್ಷವಾದರೂ ಆಗಿದೆ, ಮೊಗ್ಗಿನ ಸುಳಿವೂ ಇಲ್ಲ. ಎಲೆಗಳು ಉದ್ದುದ್ದ ಬೆಳೆದು ಕುಂಡದ ಅಂಚಿಗೆ ಒರಗಿಕೊಂಡಿವೆ. ಬಣ್ಣವೂ ಪೇಲವ.

ಮಣ್ಣು ಅರ್ಧ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಅರ್ಧ ಎರೆಗೊಬ್ಬರ. ನೀರು ಎರಡು ದಿನಕ್ಕೊಮ್ಮೆ ಒಂದು ಲೋಟ. ಬೆಳಿಗ್ಗೆ ಎರಡು ಗಂಟೆ ಬಿಸಿಲು, ಮೇಲೆ ಹಸಿರು ಶೇಡ್‌ನೆಟ್. ಎಲ್ಲಿ ತಪ್ಪುತ್ತಿದ್ದೇನೆ?

ತಲೆಹರಟೆ
ಹೂವು ಬೇಕಿದ್ದರೆ ಮಲ್ಲಿಗೆ ಹಾಕಬೇಕಿತ್ತು. ಹೆಸರಲ್ಲೇ ಇದೆಯಲ್ಲ.

ಕಲ್ಲುಮಣ್ಣು (ತುಮಕೂರು)
ಎಲ್ಲಿ ತಪ್ಪಿಲ್ಲ ಅಂತ ಕೇಳಿ, ಬೇಗ ಮುಗಿಯುತ್ತೆ. ಬೇಜಾರು ಮಾಡಿಕೊಳ್ಳಬೇಡಿ, ಹತ್ತು ವರ್ಷದ ಹಿಂದೆ ನಾನೂ ಇದನ್ನೇ ಮಾಡಿದ್ದೆ.

ಕೋಕೋಪೀಟ್ ಮತ್ತು ಎರೆಗೊಬ್ಬರ ಸೇರಿದರೆ ಅದು ಕೊತ್ತಂಬರಿ, ಮೆಂತ್ಯ ಸೊಪ್ಪಿನ ಮಣ್ಣು. ಮೇಲೆ ಒಣಗಿದಂತೆ ಕಾಣುತ್ತದೆ, ಒಳಗೆ ಸ್ಪಂಜಿನ ಹಾಗೆ ನೀರು ಹಿಡಿದಿರುತ್ತದೆ. ಗೊಬ್ಬರ ಜಾಸ್ತಿಯಾದರೆ ಗಿಡ ಎಲೆಯನ್ನೇ ಬೆಳೆಸುತ್ತದೆ. ಅದಕ್ಕೆ ಹೂವಿನ ಯೋಚನೆಯೇ ಬರುವುದಿಲ್ಲ. ನೆರಳಿನಲ್ಲಿ ಬೆಳಕು ಹುಡುಕಿಕೊಂಡು ಎಲೆ ಉದ್ದವಾಗಿ ಒರಗುತ್ತದೆ.

ನಾನು ಬಳಸುವುದು ಎರಡು ಪಾಲು ಕೆಂಪು ಮಣ್ಣು, ಎರಡು ಪಾಲು ಇಟ್ಟಿಗೆ ಚೂರು ಅಥವಾ ಸಿಂಡರ್ (ಕಲ್ಲಿದ್ದಲು ಉರಿದು ಉಳಿದ ಕಿಟ್ಟ), ಒಂದು ಪಾಲು ದಪ್ಪ ಮರಳು, ಒಂದು ಹಿಡಿ ಹಳೆಯ ಕೊಟ್ಟಿಗೆ ಗೊಬ್ಬರ. ಇಟ್ಟಿಗೆಯನ್ನು ಕಡಲೆಕಾಳಿನಷ್ಟು ಒಡೆದು ಜರಡಿ ಹಿಡಿಯಿರಿ, ಪುಡಿಯನ್ನು ಬಿಸಾಡಿ. ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಹಾಗೇ ಹಾಕಬೇಡಿ. ಅದರಲ್ಲಿರುವ ನುಣ್ಣನೆ ಪುಡಿ ನೀರು ಬಿದ್ದ ಮೇಲೆ ಗಾರೆಯ ಹಾಗೆ ಕೂತುಬಿಡುತ್ತದೆ. ತೊಳೆದು, ದಪ್ಪ ಕಣ ಮಾತ್ರ ಇಟ್ಟುಕೊಂಡರೆ ಪರವಾಗಿಲ್ಲ.

ಕುಂಡ ಮಣ್ಣಿನದಿರಲಿ. ಕೆಳಗಿನ ತಟ್ಟೆ ಇವತ್ತೇ ತೆಗೆಯಿರಿ.

ಬಿಸಿಲೂರು (ಬಳ್ಳಾರಿ)
ನಮ್ಮ ಮನೆ ಕಾಂಪೌಂಡಿನ ಮೇಲೆ ಒಡೆದ ಬಾನಿಯಲ್ಲಿ ಲೋಳೆಸರ ಇದೆ ರೀ. ಯಾರೂ ನೀರು ಹಾಕಿದ್ದು ನಾನು ನೋಡಿಲ್ಲ. ಸಂಕ್ರಾಂತಿ ಹೊತ್ತಿಗೆ ಪ್ರತಿ ವರ್ಷ ಹಳದಿ ಹೂವಿನ ಕೋಲು ನಿಲ್ಲಿಸುತ್ತದೆ, ಮೂರು ನಾಲ್ಕು. ನಿಮ್ಮ ಬೆಂಗಳೂರಿನವರು ಗಿಡಕ್ಕೆ ದಿನಾ ಊಟ ಬಡಿಸಿ, ಹೊಟ್ಟೆ ತುಂಬಿದ ಮೇಲೆ ಕೆಲಸ ಮಾಡು ಅಂದರೆ ಮಾಡುತ್ತದೇನು?

ಅಜ್ಜಿಮನೆ (ಹಾಸನ)
ಅಯ್ಯೋ, ಹೂವು ಬರದಿದ್ದರೇ ಒಳ್ಳೆಯದು. ನಮ್ಮ ತೋಟದ ಬೇಲಿಯಲ್ಲಿ ಇಂಥದ್ದೇ ಗಿಡ ಇತ್ತು. ತೆಂಗಿನ ಮರದಷ್ಟು ಎತ್ತರಕ್ಕೆ ಹೂವಿನ ಕಂಬ ಬಂತು. ಆಮೇಲೆ ಇಡೀ ಗಿಡ ಒಣಗಿ ಸತ್ತೇ ಹೋಯಿತು.

ಎಲೆಮರೆ_ಕಾಯಿ (ಮೈಸೂರು)
ಅದು ಲೋಳೆಸರ ಅಲ್ಲ ತಾಯಿ, ಕತ್ತಾಳೆ. ನಿವೃತ್ತ ಸಸ್ಯಶಾಸ್ತ್ರ ಮೇಷ್ಟ್ರು ನಾನು, ಮೂವತ್ತು ವರ್ಷ ಇದೇ ತಪ್ಪು ತಿದ್ದಿದ್ದೇನೆ. ಈಗಲೂ ಬಿಡುವುದಿಲ್ಲ.

ಕತ್ತಾಳೆ ಅಮೆರಿಕ ಖಂಡದ ಕಡೆಯದು. ಎಲೆ ಮುರಿದರೆ ನಾರು ಬರುತ್ತದೆ, ಹಗ್ಗ ಹೊಸೆಯುವುದು ಅದರಿಂದ. ಜೀವನದಲ್ಲಿ ಒಂದೇ ಸಲ ಹೂ ಬಿಟ್ಟು ತಾಯಿಗಿಡ ಸಾಯುತ್ತದೆ. ಲೋಳೆಸರದ ಬಳಗ, ಅಂದರೆ ಅಲೋಗಳು, ಆಫ್ರಿಕಾ, ಅರೇಬಿಯಾ, ಮಡಗಾಸ್ಕರ್ ಕಡೆಯದು. 500ಕ್ಕೂ ಹೆಚ್ಚು ಜಾತಿಗಳಿವೆ. ಎಲೆ ಮುರಿದರೆ ಲೋಳೆ, ನಾರಿಲ್ಲ. ಬಲಿತ ಮೇಲೆ ವರ್ಷ ವರ್ಷ ಹೂ ಬಿಡುತ್ತದೆ, ಸಾಯುವುದಿಲ್ಲ. ನೋಡಲು ಒಂದೇ ಥರ, ಸಂಬಂಧ ಬಲು ದೂರ.

ನಾವು ಮನೆಯಲ್ಲಿ ಬೆಳೆಸುವ ಲೋಳೆಸರ ಮೂಲದಲ್ಲಿ ಅರೇಬಿಯಾದ್ದು. ನಮ್ಮ ಅಜ್ಜಿಯರ ಕಾಲದಿಂದ ಇದೆ ಅಂತ ನಮ್ಮದೇ ಅಂದುಕೊಂಡಿದ್ದೇವೆ, ಅಷ್ಟೇ.

ಅಜ್ಜಿಮನೆ
ಹೌದಾ! ನಮ್ಮತ್ತೆ ಎರಡಕ್ಕೂ ಕತ್ತಾಳೆ ಅಂತಲೇ ಹೇಳುತ್ತಿದ್ದರು. ಒಂದು ದೊಡ್ಡ ಕತ್ತಾಳೆ, ಒಂದು ಔಷಧಿ ಕತ್ತಾಳೆ.

ತಲೆಹರಟೆ
ಅತ್ತೆಯನ್ನು ತಿದ್ದುವ ಧೈರ್ಯ ಮೇಷ್ಟ್ರಿಗೂ ಇರಲಿಕ್ಕಿಲ್ಲ.

ಕಡಲತಡಿ (ಕುಂದಾಪುರ)
ಬಳ್ಳಾರಿಯವರು ಹೇಳಿದ್ದನ್ನು ಕೇಳಿ ನಮ್ಮ ಕಡೆಯವರು ಗಿಡವನ್ನು ಹೊರಗೆ ಬಿಡಬೇಡಿ ಮಾರಾಯ್ರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಆಕಾಶವೇ ನೀರು ಹಾಕುವುದು. ಕೆಂಪು ಹೂವಿನ ಪೊದೆ ಅಲೋ ಒಂದು ತಂದಿದ್ದೆ. ಜುಲೈಯಲ್ಲಿ ಒಂದು ದಿನ ನೋಡುವಾಗ ಎಲೆ ಚಂದ ಹಸಿರು ಉಂಟು. ಹಿಡಿದು ಸ್ವಲ್ಪ ಅಲ್ಲಾಡಿಸಿದೆ, ಇಡೀ ಗಿಡ ಕೈಗೆ ಬಂತು. ಬುಡದಲ್ಲಿ ಬೇರೇ ಇಲ್ಲ, ಕೊಳೆತ ಬಾಳೆಹಣ್ಣಿನ ಹಾಗೆ ಕಂದು ಲೋಳೆ. ವಾಸನೆ ಹೇಳಿ ಸುಖವಿಲ್ಲ.

ಆಮೇಲೆ ಒಬ್ಬರು ಹೇಳಿದ ಹಾಗೆ, ಕೊಳೆತದ್ದನ್ನೆಲ್ಲ ಕತ್ತರಿಸಿದೆ. ಒಳಗೆ ಬಿಳಿ ತಿರುಳು ಕಾಣುವ ತನಕ. ಉಳಿದ ತುದಿಯನ್ನು ಅಟ್ಟದಲ್ಲಿ ಹದಿನೈದು ದಿನ ಒಣಗಲು ಇಟ್ಟೆ. ಗಾಯ ಒಣಗಿ ತೊಗಲಿನ ಹಾಗೆ ಆಯಿತು. ಒಣ ಜಲ್ಲಿ-ಮಣ್ಣಿನಲ್ಲಿ ನೆಟ್ಟೆ, ಒಂದು ವಾರ ನೀರು ಮುಟ್ಟಿಸಲಿಲ್ಲ. ಬದುಕಿತು. ಈಗ ಮಳೆಗಾಲಕ್ಕೆ ತಗಡಿನ ಮಾಡಿನ ಅಡಿಗೆ ಅದರ ವಾಸ.

ನಾಟಿಗಿಡ (ಧಾರವಾಡ)
ಒಂದು ಮಾತು ಕೇಳುತ್ತೇನೆ, ಬೈಯಬೇಡಿ. ನೀರು ಉಳಿಸಬೇಕು ಅಂದರೆ ಆಫ್ರಿಕಾದ ಗಿಡವೇ ಏಕೆ? ಕಣಗಿಲೆ, ತಂಗಡಿ, ಎಕ್ಕ, ಗೋರಂಟೆ ಎಲ್ಲ ನಮ್ಮ ಬಯಲುಸೀಮೆಯಲ್ಲಿ ನೀರಿಲ್ಲದೆ ಹೂ ಬಿಡುತ್ತವೆ. ಚಿಟ್ಟೆಗೂ ಊಟ. ಸುಮ್ನೆ ಫ್ಯಾಷನ್‌ಗೆ ಸಕ್ಯುಲೆಂಟ್ (ದಪ್ಪ ಎಲೆಯಲ್ಲಿ ನೀರು ಕೂಡಿಡುವ ಗಿಡ) ಅನ್ನುವುದು ನನಗೆ ಹಿಡಿಸುವುದಿಲ್ಲ.

ಕಲ್ಲುಮಣ್ಣು
ತಂಗಡಿಯನ್ನು ತಾರಸಿಯ ಹತ್ತು ಇಂಚಿನ ಕುಂಡದಲ್ಲಿ ಬೆಳೆಸಿ ತೋರಿಸಿ, ನಾನೂ ನಿಮ್ಮ ಪಕ್ಷ ಸೇರುತ್ತೇನೆ. ನೆಲ ಇದ್ದವರಿಗೆ ನಿಮ್ಮ ಮಾತು ಪೂರ್ತಿ ಸರಿ. ಕುಂಡದಲ್ಲಿ ಬೇರು ಆಳಕ್ಕೆ ಹೋಗಲಾರದು, ಆಗ ನೀರನ್ನು ಎಲೆಯಲ್ಲೇ ಕೂಡಿಡುವ ಗಿಡ ಬೇಕು.

ನಾಟಿಗಿಡ
ಕುಂಡದ ಮಾತು ಒಪ್ಪಿದೆ. ಫ್ಯಾಷನ್ ಮಾತು ವಾಪಸ್ ತೆಗೆದುಕೊಳ್ಳುವುದಿಲ್ಲ. ಮತ್ತೆ ಕಣಗಿಲೆ ವಿಷ, ಮಕ್ಕಳಿರುವ ಮನೆಯವರು ಹುಷಾರು.

ಎಲೆಮರೆ_ಕಾಯಿ
ಹಾಗೆ ನೋಡಿದರೆ ಕಣಗಿಲೆಯ ಊರು ಎಲ್ಲಿಂದ ಎಲ್ಲಿಯವರೆಗೆ ಅನ್ನುವುದೇ ದೊಡ್ಡ ಚರ್ಚೆ. ಮೆಡಿಟರೇನಿಯನ್ ಕಡೆಯೂ ತಾನೇ ತಾನಾಗಿ ಬೆಳೆಯುತ್ತದೆ. ಇಲ್ಲಿ ಬೇಡ, ಬೇರೆ ಎಳೆ ಶುರು ಮಾಡಿ, ಬರುತ್ತೇನೆ.

ದೂರದೂರಿನವ (ಸ್ಯಾನ್ ಡಿಯಾಗೊ)
ಇಲ್ಲಿಯ ಅನುಭವ ಸ್ವಲ್ಪ ಹೇಳುತ್ತೇನೆ. 2015ರಲ್ಲಿ ಬರ ಜೋರಾಗಿ, ಊರುಗಳು ನೀರಿನ ಬಳಕೆಯನ್ನು ಶೇ. 25 ಇಳಿಸಬೇಕು ಅಂತ ಕ್ಯಾಲಿಫೋರ್ನಿಯಾ ಗವರ್ನರ್ ಆದೇಶ ಮಾಡಿದ್ದರು. ಮನೆ ಮುಂದಿನ ಹುಲ್ಲು ಕಿತ್ತುಹಾಕಿದರೆ ದುಡ್ಡು ಕೊಡುವ ಯೋಜನೆಗಳೂ ಇದ್ದವು. ನಾವು ಮನೆ ಕೊಂಡಾಗ ಹುಲ್ಲಿತ್ತು. ನಾನೂ ಹೆಂಡತಿಯೂ ಎರಡು ವಾರಾಂತ್ಯ ಗುದ್ದಲಿ ಹಿಡಿದು ಕಿತ್ತೆವು. ಊರಲ್ಲಿ ಅಪ್ಪ ಗದ್ದೆಗೆ ಕರೆದರೆ ಓಡಿಹೋಗುತ್ತಿದ್ದವನು ಇಲ್ಲಿ ಬಂದು ಅಗೆದೆ.

ಆ ಜಾಗದಲ್ಲಿ ಈಗ ಅಲೋಗಳೇ. ಡಿಸೆಂಬರ್‌ನಿಂದ ಮಾರ್ಚ್ ತನಕ ಅಂಗಳ ಉರಿಯುವ ಹಾಗೆ ಕಾಣುತ್ತದೆ. ಪೊದೆಯಾಗಿ ಬೆಳೆಯುವ ಅಲೋ ಆರ್ಬೊರೆಸೆನ್ಸ್‌ಗೆ ಕೆಂಪು ದೀವಟಿಗೆ. ಬ್ಲೂ ಎಲ್ಫ್ ಅನ್ನುವ ಕುಳ್ಳ ತಳಿಗೆ ಬೂದಿನೀಲಿ ಎಲೆ, ಕಿತ್ತಳೆ ಹೂವು. ಒಂಟಿ ಕಾಂಡದ ಅಲೋ ಫೆರಾಕ್ಸ್‌ಗೆ ದೀಪಸ್ತಂಭದ ಹಾಗೆ ಕವಲು. ಹಮ್ಮಿಂಗ್‌ಬರ್ಡ್‌ಗಳು ಜಗಳ ಆಡಿಕೊಂಡೇ ಇರುತ್ತವೆ. ಲಾಸ್ ಏಂಜಲಿಸ್ ಕಡೆ ಬಂದವರು ಜನವರಿಯಲ್ಲಿ ಹಂಟಿಂಗ್ಟನ್ ಸಸ್ಯತೋಟದ ಮರುಭೂಮಿ ವಿಭಾಗ ನೋಡಿ. 1907ರಲ್ಲಿ ಶುರುವಾದದ್ದು. ಅಲೋ ಹೂವು ಅಂದರೆ ಏನು ಅಂತ ನನಗೆ ಗೊತ್ತಾಗಿದ್ದೇ ಅಲ್ಲಿ.

ಒಂದು ಸಲ ಬೇರೂರಿದ ಮೇಲೆ ನಾನು ಬೇಸಿಗೆಯಲ್ಲಿ ತಿಂಗಳಿಗೆ ಎರಡು ಸಲ ನೀರು ಬಿಡುತ್ತೇನೆ, ಚಳಿಗಾಲದಲ್ಲಿ ಇಲ್ಲವೇ ಇಲ್ಲ.

ಬಿಸಿಲೂರು
ಕೇಳಿದಿರೇನ್ರಿ, ತಿಂಗಳಿಗೆ ಎರಡು ಸಲ.

ವಾಪಸ್ಸು_ಬಂದವನು (ಬೆಳಗಾವಿ)
ಸ್ಯಾನ್ ಡಿಯಾಗೊ ಲೆಕ್ಕವನ್ನು ಇಲ್ಲಿಗೆ ತರುವ ಮೊದಲು ಒಂದು ನಿಮಿಷ. ಅಲ್ಲಿ ವರ್ಷಕ್ಕೆ ಸುಮಾರು 250 ಮಿ.ಮೀ. ಮಳೆ, ಅದೂ ಚಳಿಗಾಲದಲ್ಲಿ. ಬೆಂಗಳೂರಿಗೆ ಸುಮಾರು 970 ಮಿ.ಮೀ., ಅದೂ ಮೇ ತಿಂಗಳಿಂದ ಅಕ್ಟೋಬರ್ ತನಕ. ಪೂರ್ತಿ ತಿರುಗುಮುರುಗು.

ನಾನು ಕೆಲಸಕ್ಕೆ ಅಂತ ಆರು ವರ್ಷ ಜೊಹಾನ್ಸ್‌ಬರ್ಗ್‌ನಲ್ಲಿದ್ದೆ. ಅಲೋಗಳ ತವರಿನ ಹವೆ ನಮ್ಮದಕ್ಕೆ ಹತ್ತಿರ ಅಂತ ಅಲ್ಲಿಗೆ ಹೋದ ಮೇಲೆ ತಿಳಿಯಿತು. ಎತ್ತರದ ಪ್ರಸ್ಥಭೂಮಿ, ಬೇಸಿಗೆಯಲ್ಲಿ ಗುಡುಗು ಮಳೆ, ಚಳಿಗಾಲ ಒಣ ಒಣ. ಅಲ್ಲಿ ಚಳಿ ಜೂನ್-ಜುಲೈಯಲ್ಲಿ. ಹುಲ್ಲೆಲ್ಲ ಒಣಗಿ ಬೆಟ್ಟಗಳು ಸಿಂಹದ ಬಣ್ಣಕ್ಕೆ ತಿರುಗಿರುತ್ತವೆ. ಅದರ ನಡುವೆ ಆಳೆತ್ತರದ ಮಾರ್ಲೊಥಿ ಅಲೋಗಳು ಒಣಗಿದ ಎಲೆಯ ಲಂಗ ತೊಟ್ಟು ನಿಂತಿರುತ್ತವೆ. ಅದರ ಹೂಕವಲು ನೆಟ್ಟಗೆ ನಿಲ್ಲುವುದಿಲ್ಲ, ಅಡ್ಡಕ್ಕೆ ಚಾಚುತ್ತದೆ. ಕೈ ಅಗಲಿಸಿ ನಿಂತ ಮನುಷ್ಯನ ಹಾಗೆ.

ಅದೇ ದೇಶದ ಕೇಪ್‌ಟೌನ್ ಕಡೆ ಮಳೆ ಬರುವುದು ಚಳಿಗಾಲದಲ್ಲಿ. ಅಲ್ಲಿಯ ಬೀಸಣಿಗೆ ಅಲೋ ಬಲು ಚಂದ, ಎಲೆಗಳು ಎರಡೇ ಸಾಲಿನಲ್ಲಿ ಬೀಸಣಿಗೆ ಬಿಚ್ಚಿದ ಹಾಗೆ. ಅದನ್ನು ನಮ್ಮ ಕಡೆ ತಂದರೆ ಅದು ವಿಶ್ರಾಂತಿ ತೆಗೆದುಕೊಳ್ಳುವ ಹೊತ್ತಿಗೆ ಸರಿಯಾಗಿ ನಮ್ಮ ಮಳೆ ಸುರಿಯುತ್ತದೆ. ಕೊಳೆಯದೆ ಇನ್ನೇನು? ಹಾಗಾಗಿ ಗಿಡ ಕೊಳ್ಳುವಾಗ ಬೇಸಿಗೆ ಮಳೆಯ ಸೀಮೆಯದಾ ಚಳಿಗಾಲದ ಮಳೆಯ ಸೀಮೆಯದಾ ಅಂತ ಮೊದಲು ನೋಡಿ. ಆರ್ಬೊರೆಸೆನ್ಸ್, ಮಾರ್ಲೊಥಿ, ಮ್ಯಾಕ್ಯುಲೇಟಾ ನಮ್ಮ ಬಯಲುಸೀಮೆಗೆ ಹೊಂದಿಕೊಳ್ಳುತ್ತವೆ.

ಮಹಡಿ_ಮಲ್ಲಿಗೆ
ಇದು ನನಗೆ ಗೊತ್ತೇ ಇರಲಿಲ್ಲ! ಮ್ಯಾಕ್ಯುಲೇಟಾ ಅಂದರೆ ಯಾವುದು? ನನ್ನ ಕಿತ್ತಳೆ ಹೂವಿನದಕ್ಕೆ ಎಲೆ ತುಂಬ ಬಿಳಿ ಮಚ್ಚೆ. ಹೂವು ಕೊಡೆ ಬಿಚ್ಚಿದ ಹಾಗೆ, ಮೇಲೆ ಚಪ್ಪಟೆ ಇತ್ತು.

ಕಲ್ಲುಮಣ್ಣು
ಅದೇ. ಸೋಪ್ ಅಲೋ ಅಂತಾರೆ. ಬಿಸಿಲಿಗೆ ಇಡಿ, ಮುಂದಿನ ವರ್ಷ ಬೇಡ ಅಂದರೂ ಹೂ ಬಿಡುತ್ತೆ. ನೆಲಕ್ಕೆ ಹಾಕಿದರೆ ಸುತ್ತ ಮರಿ ಹಾಕಿಕೊಂಡು ಊರು ಕಟ್ಟುತ್ತೆ, ಕುಂಡದಲ್ಲೇ ಇರಲಿ.

ಎಲೆಮರೆ_ಕಾಯಿ
ಮಚ್ಚೆ ಇದೆ ಅಂದ ಮಾತ್ರಕ್ಕೆ ತೀರ್ಮಾನ ಬೇಡ, ಲೋಳೆಸರದ ಮರಿಗಳಿಗೂ ಎಳೆತನದಲ್ಲಿ ಬಿಳಿ ಮಚ್ಚೆ ಇರುತ್ತದೆ, ದೊಡ್ಡದಾದಂತೆ ಮಾಸುತ್ತದೆ. ಆದರೆ ಚಪ್ಪಟೆ ಹೂಗೊಂಚಲು ಅಂದಿರಲ್ಲ, ಅದು ಒಳ್ಳೆಯ ಗುರುತು.

ಇನ್ನೊಂದು ವಿಷಯ. ಅಲೋ ಅಂತ ಹೆಸರಿದ್ದದ್ದನ್ನೆಲ್ಲ ಜ್ಯೂಸ್ ಮಾಡಿ ಕುಡಿಯಬೇಡಿ. ಲೋಳೆಸರದಲ್ಲೂ ಸಿಪ್ಪೆಯ ಕೆಳಗಿನ ಹಳದಿ ರಸ ಬೇರೆ, ಒಳಗಿನ ಲೋಳೆ ಬೇರೆ. ಆ ಹಳದಿ ರಸ ಜೋರು ಭೇದಿ ಮಾಡಿಸುತ್ತದೆ.

ಅಜ್ಜಿಮನೆ
ಆ ಕಹಿ ನನಗೆ ಗೊತ್ತು. ನಮ್ಮಲ್ಲಿ ಮಕ್ಕಳಿಗೆ ಮೊಲೆ ಬಿಡಿಸಲು ಅದನ್ನೇ ಹಚ್ಚುತ್ತಿದ್ದರು. ನನ್ನ ತಮ್ಮನಿಗೆ ಹಚ್ಚಿದಾಗ ಅವನು ಮುಖ ಹಿಂಡಿ, ಒರೆಸಿಕೊಂಡು, ಮತ್ತೆ ಬಾಯಿ ಹಾಕಿದನಂತೆ. ಮೂರು ದಿನ ಹಟ ಹಿಡಿದಿದ್ದನಂತೆ.

ತಲೆಹರಟೆ
ಈಗ ಏನು ಮಾಡಿಕೊಂಡಿದ್ದಾನೆ?

ಅಜ್ಜಿಮನೆ
ವಕೀಲ.

ಹೊಸಬೆಳಕು (ಶಿವಮೊಗ್ಗ)
ಲೋಳೆಸರ ರಾತ್ರಿ ಆಮ್ಲಜನಕ ಬಿಡುತ್ತದೆ, ಮಲಗುವ ಕೋಣೆಯಲ್ಲಿ ಇಡಿ ಅಂತ ಎಲ್ಲ ಕಡೆ ಬರುತ್ತಲ್ಲ. ನಾನು ಮಂಚದ ಪಕ್ಕ ಮೂರು ಇಟ್ಟಿದ್ದೇನೆ. ಅವೂ ಹೂ ಬಿಟ್ಟಿಲ್ಲ.

ಎಲೆಮರೆ_ಕಾಯಿ
ಬಿಡುವುದೂ ಇಲ್ಲ. ಮಂಚದ ಪಕ್ಕ ಬಿಸಿಲೆಲ್ಲಿದೆ?

ಆ ಆಮ್ಲಜನಕದ ಕಥೆ ಅರ್ಧ ಸತ್ಯ. ಬೇರೆ ಗಿಡಗಳು ಎಲೆಯ ರಂಧ್ರಗಳನ್ನು ಹಗಲು ತೆರೆಯುತ್ತವೆ. ಉರಿಬಿಸಿಲಿನ ನಾಡಿನ ಗಿಡ ಹಾಗೆ ಮಾಡಿದರೆ ಒಳಗಿನ ನೀರೆಲ್ಲ ಆವಿ. ಅದಕ್ಕೇ ಲೋಳೆಸರ ರಾತ್ರಿ ತಂಪಿನಲ್ಲಿ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದುಕೊಂಡು ಆಮ್ಲದ ರೂಪದಲ್ಲಿ ಕೂಡಿಡುತ್ತದೆ. ಹಗಲು ಬಾಗಿಲು ಮುಚ್ಚಿಕೊಂಡು, ಬೆಳಕಿನಲ್ಲಿ ಅದರಿಂದ ಅಡುಗೆ ಮಾಡುತ್ತದೆ. ಆಮ್ಲಜನಕ ತಯಾರಾಗುವುದು ಬೆಳಕಿನಲ್ಲೇ. ಒಂದು ಕುಂಡದ ಗಿಡ ನಿಮ್ಮ ಕೋಣೆಯ ಗಾಳಿ ಬದಲಾಯಿಸಿಬಿಡುತ್ತದೆ ಅಂತ ನಂಬಬೇಡಿ. ಕಿಟಕಿ ತೆರೆಯಿರಿ, ಸಾಕು.

ಹೊಸಬೆಳಕು
ಛೆ. ಒಂದಕ್ಕೆ 350 ರೂಪಾಯಿ ಕೊಟ್ಟಿದ್ದೆ.

ರಾತ್ರಿಪಾಳಿ (ಹೊಸಕೋಟೆ)
ನಾನು ಕೊಟ್ಟಿದ್ದು ಕೇಳಿ. ಸುರುಳಿ ಸುರುಳಿಯಾಗಿ ಎಲೆ ಜೋಡಿಸಿಕೊಂಡ ಅಲೋ ಫೋಟೋ ನೋಡಿ ಆನ್‌ಲೈನ್‌ನಲ್ಲಿ ಹತ್ತು ಬೀಜ ತರಿಸಿದೆ. ಮೊಳಕೆ ಬಂತು. ಖುಷಿಯೋ ಖುಷಿ. ಎರಡು ತಿಂಗಳು ಮಗುವಿನ ಹಾಗೆ ನೋಡಿಕೊಂಡೆ. ಬೆಳೆದ ಮೇಲೆ ಅಮ್ಮ ಬಂದು, 'ಮೂಲಂಗಿ ಚೆನ್ನಾಗಿ ಬಂದಿದೆ, ಸಾರು ಮಾಡಲಾ?' ಅಂದರು.

ವಾಪಸ್ಸು_ಬಂದವನು
ನಕ್ಕು ನಕ್ಕು ಸಾಕಾಯ್ತು. ನಿಜವಾದ ಬೀಜ ಬಂದಿದ್ದರೂ ನೀವು ಅಳುತ್ತಿದ್ದಿರಿ. ಆ ಸುರುಳಿ ಅಲೋ ಲೆಸೊಥೊ ದೇಶದ ಎತ್ತರದ ಬೆಟ್ಟಗಳದ್ದು, ಹಿಮ ಬೀಳುವ ಜಾಗ. ಹೊಸಕೋಟೆಯ ಏಪ್ರಿಲ್ ಅದಕ್ಕೆ ಆಗುವ ಮಾತಲ್ಲ.

ರಾತ್ರಿಪಾಳಿ
ನೀವು ಬರುವಾಗ ಅಲ್ಲಿಂದ ಗಿಡ ತರಲಿಲ್ಲವಾ ಸಾರ್? ಸೂಟ್‌ಕೇಸಿನಲ್ಲಿ ಒಂದೆರಡು ಮರಿ?

ವಾಪಸ್ಸು_ಬಂದವನು
ಇಲ್ಲಪ್ಪ. ಲೋಳೆಸರ ಒಂದನ್ನು ಬಿಟ್ಟು ಉಳಿದ ಅಲೋಗಳೆಲ್ಲ ಸೈಟಿಸ್ ಅನ್ನುವ, ಕಾಡಿನ ಗಿಡ-ಪ್ರಾಣಿಗಳ ಮಾರಾಟಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. ಕಾಗದಪತ್ರ ಇಲ್ಲದೆ ಗಡಿ ದಾಟಿಸುವಂತಿಲ್ಲ. ಅದರ ಮೇಲೆ ಇಲ್ಲಿಯ ಸಸ್ಯ ಕ್ವಾರಂಟೈನ್ ನಿಯಮ. ಕಾಡಿನಿಂದ ಕಿತ್ತು ಮಾರುವ ದಂಧೆ ಅಲ್ಲಿ ದೊಡ್ಡ ತಲೆನೋವು. ಇಲ್ಲೇ ಮರಿ ಮಾಡಿ ಮಾರುವವರ ಹತ್ತಿರ ಕೊಳ್ಳಿ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಮಳಿಗೆಗಳಲ್ಲೂ ಒಂದಷ್ಟು ಸಿಗುತ್ತವೆ.

ದೂರದೂರಿನವ
ಹೊಸ ಗಿಡ ತಂದರೆ ಒಂದು ತಿಂಗಳು ಬೇರೆ ಇಡಿ. ಇಲ್ಲಿ ಅಲೋ ಮೈಟ್ ಅಂತ ಒಂದು ಪೀಡೆ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ. ಎಲೆಯ ಬುಡದಲ್ಲಿ, ಹೂವಿನಲ್ಲಿ ಹೂಕೋಸಿನ ಹಾಗೆ ಗಂಟು ಗಂಟು ಬೆಳೆಯುತ್ತದೆ. ಗಾಳಿಯಲ್ಲಿ ಹರಡುತ್ತದೆ. ನನ್ನ ಎರಡು ವರ್ಷದ ಫೆರಾಕ್ಸ್ ಹಾಗೇ ಹೋಯಿತು. ಗಂಟು ಕಂಡರೆ ಕೊಯ್ದು ಚೀಲಕ್ಕೆ ಹಾಕಿ ಕಟ್ಟಿ ಕಸಕ್ಕೆ ಕೊಡಬೇಕು, ಗೊಬ್ಬರದ ಗುಂಡಿಗಲ್ಲ. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ.

ಕಲ್ಲುಮಣ್ಣು
ನಮ್ಮಲ್ಲಿ ಹೆಚ್ಚಾಗಿ ಕಾಡುವುದು ಹಿಟ್ಟು ತಿಗಣೆ. ಎಲೆಯ ಸಂದಿಯಲ್ಲಿ ಬಿಳಿ ಹತ್ತಿ ಅಂಟಿದ ಹಾಗೆ ಕಂಡರೆ ಅದೇ. ಇರುವೆ ಸಾಲು ಕಂಡರೂ ಅನುಮಾನ ಪಡಿ. ಹಳೆಯ ಟೂತ್‌ಬ್ರಷ್, ಸೋಪಿನ ನೀರು, ಸಂಜೆ ಹೊತ್ತು ಬೇವಿನ ಎಣ್ಣೆ. ಮಟಮಟ ಬಿಸಿಲಲ್ಲಿ ಎಣ್ಣೆ ಹೊಡೆದರೆ ಎಲೆ ಸುಡುತ್ತೆ.

ಶಾರದಮ್ಮನ_ಸೊಸೆ (ದಾವಣಗೆರೆ)
ನಾನು ಅಕ್ಕಿ ತೊಳೆದ ನೀರು ಹಾಕುತ್ತೇನೆ. ಆರ್‌ಒ ಫಿಲ್ಟರಿನ ವೇಸ್ಟ್ ನೀರೂ ಹಾಕುತ್ತೇನೆ. ಉಳಿತಾಯ ಅಲ್ವಾ?

ಕಲ್ಲುಮಣ್ಣು
ಅಕ್ಕಿ ನೀರು ಅಪರೂಪಕ್ಕೆ ಸರಿ. ದಿನಾ ಹಾಕಿದರೆ ಹುಳಿ ವಾಸನೆ, ಸಣ್ಣ ನೊಣ. ಆರ್‌ಒ ನೀರಿನಲ್ಲಿ ಉಪ್ಪು ಜಾಸ್ತಿ, ಕುಂಡದ ಹೊರಮೈಗೆ ಬಿಳಿ ಪದರ ಕಟ್ಟುತ್ತದೆ. ಲೋಳೆಸರ ಒಂದು ಮಟ್ಟಿಗೆ ತಡೆದುಕೊಳ್ಳುತ್ತದೆ. ಆದರೆ ವರ್ಷಕ್ಕೊಂದೆರಡು ಒಳ್ಳೆಯ ಮಳೆಗೆ ಕುಂಡ ಒಡ್ಡಿ, ಉಪ್ಪು ತೊಳೆದುಹೋಗಲಿ.

ದೂರದೂರಿನವ
ನನ್ನ ಒಂದು ತಪ್ಪೂ ಹೇಳಿಬಿಡುತ್ತೇನೆ. ಕಡಿಮೆ ನೀರು ಅಂದರೆ ನೀರೇ ಬೇಡ ಅಂತ ಮೊದಲ ವರ್ಷ ಹೊಸ ಗಿಡಗಳನ್ನು ಬಾಯಾರಿಸಿಟ್ಟೆ. ಅರ್ಧಕ್ಕರ್ಧ ಹೋದವು. ಬೇರು ಬಿಡುವ ತನಕ ನೀರು ಬೇಕು.

ಕಲ್ಲುಮಣ್ಣು
ಹ್ಞೂಂ. ಎಲೆಯೇ ಹೇಳುತ್ತೆ. ಅಂಚು ಒಳಕ್ಕೆ ಮಡಚಿ, ದೋಣಿಯ ಹಾಗೆ ಆಗಿ, ತೆಳ್ಳಗಾದರೆ ಬಾಯಾರಿಕೆ. ಬುಡ ಮೆತ್ತಗಾಗಿ ಅರೆಪಾರದರ್ಶಕವಾಗಿ ಕಂಡರೆ ನೀರು ಹೆಚ್ಚಾಗಿದೆ. ಅನುಮಾನ ಇದ್ದರೆ ತೆಂಗಿನ ಪೊರಕೆಯ ಕಡ್ಡಿಯೊಂದನ್ನು ಕುಂಡದ ತಳದವರೆಗೂ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಮಣ್ಣು ಅಂಟಿದ್ದರೆ ಇನ್ನೂ ನಾಲ್ಕು ದಿನ ಕೈ ಕಟ್ಟಿ ಕೂತಿರಿ. ಹಾಕುವಾಗ ಮಾತ್ರ ಲೋಟದ ಲೆಕ್ಕ ಬೇಡ, ತಳದಿಂದ ಹರಿಯುವಷ್ಟು ಹಾಕಿ. ಆಮೇಲೆ ಪೂರ್ತಿ ಒಣಗಲಿ.

ಮಲ್ಲಿಗೆಯವರೇ, ಶೇಡ್‌ನೆಟ್ ಒಂದೇ ಸಲ ತೆಗೆಯಬೇಡಿ. ನೆರಳಲ್ಲಿ ಬೆಳೆದ ಎಲೆ ಎರಡೇ ದಿನದಲ್ಲಿ ಸುಟ್ಟು ಕಂದಾಗುತ್ತದೆ. ಎರಡು ಮೂರು ವಾರದಲ್ಲಿ ನಿಧಾನಕ್ಕೆ ಬಿಸಿಲಿಗೆ ಸರಿಸಿ. ಎಲೆ ಸ್ವಲ್ಪ ಕೆಂಪಾದರೆ ಹೆದರಬೇಡಿ.

ಬಿಸಿಲೂರು
ಇಷ್ಟೆಲ್ಲ ಯಾಕ್ರಿ? ಮರೆತುಬಿಡಿ ಗಿಡವನ್ನು. ಅದೇ ಬಿಡುತ್ತದೆ.

ಕಡಲತಡಿ
ನೀವು ಬಳ್ಳಾರಿಯಲ್ಲಿ ಮರೆಯಬಹುದು. ನಾವು ಮರೆತರೆ ಸಾರಾಗುತ್ತದೆ.

ಅಂಗಡಿಬೀದಿ (ಚಿತ್ರದುರ್ಗ)
ದೃಷ್ಟಿಗೆ ಅಂತ ಅಂಗಡಿ ಬಾಗಿಲಿಗೆ ತಲೆಕೆಳಗಾಗಿ ಕಟ್ಟುತ್ತಾರಲ್ಲ ಲೋಳೆಸರ, ಅದರ ಬಗ್ಗೆ ಯಾರೂ ಹೇಳಲೇ ಇಲ್ಲ. ನಮ್ಮ ಅಂಗಡಿಯದು ಒಂದೂವರೆ ವರ್ಷದಿಂದ ಹಗ್ಗದಲ್ಲಿ ನೇತಾಡುತ್ತಿದೆ. ಮಣ್ಣಿಲ್ಲ, ನೀರಿಲ್ಲ. ಎಲೆಗಳೆಲ್ಲ ಕೊಕ್ಕೆಯ ಹಾಗೆ ಬಾಗಿ ಮೇಲಕ್ಕೆ ತಿರುಗಿವೆ. ಹೋದ ಫೆಬ್ರುವರಿಯಲ್ಲಿ ಕೆಳಗಿಂದ ಒಂದು ಹೂದಂಟು ಬಂತು. ಮೊದಲು ನೆಲದ ಕಡೆ ಬಂದು, ಆಮೇಲೆ ಇಂಗ್ಲಿಷಿನ 'ಯು' ಅಕ್ಷರದ ಹಾಗೆ ತಿರುಗಿ ಆಕಾಶ ನೋಡಿತು. ಹದಿನೆಂಟು ಹೂವು. ಎಣಿಸಿದ್ದೇನೆ, ಗಿರಾಕಿ ಇರಲಿಲ್ಲ.

ನಾಟಿಗಿಡ
ಪಾಪ, ಅದು ಸಾಯುವ ಮೊದಲು ಕೊನೆಯ ಪ್ರಯತ್ನ ಮಾಡಿದ್ದು. ಇಳಿಸಿ ನೆಡಿ ಅದನ್ನು.

ಅಂಗಡಿಬೀದಿ
ನೆಡುತ್ತಿದ್ದೆ. ಅಪ್ಪ ಬಿಡುವುದಿಲ್ಲ. ಹೂವು ಬಂದ ತಿಂಗಳು ವ್ಯಾಪಾರ ಚೆನ್ನಾಗಿತ್ತಂತೆ.

ಮಹಡಿ_ಮಲ್ಲಿಗೆ
ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ, ಇವತ್ತು ಜನವರಿ 19. ಅಕ್ಟೋಬರ್ ಕೊನೆಯಲ್ಲಿ ಹದಿಮೂರು ಕುಂಡದ ಮಣ್ಣೂ ಬದಲಿಸಿದೆ. ಇಟ್ಟಿಗೆ ಒಡೆದು ಒಡೆದು ಬಲಗೈಯಲ್ಲಿ ಗುಳ್ಳೆ. ಹಳೆಯ ಲೋಳೆಸರ ಕಿತ್ತಾಗ ಕುಂದಾಪುರದವರ ಮಾತು ನೆನಪಾಯಿತು, ಅರ್ಧ ಬೇರು ಕಪ್ಪಾಗಿತ್ತು. ಶೇಡ್‌ನೆಟ್ ತೆಗೆದೆ. ನೀರು ಹದಿನೈದು ದಿನಕ್ಕೊಮ್ಮೆ. ಎಲೆ ನೆಟ್ಟಗಾಗಿವೆ, ತುದಿ ಕೆಂಪಾಗಿದೆ. ಹೂವು? ಒಂದಕ್ಕೂ ಇಲ್ಲ.

ನಿನ್ನೆ ನೀರಿನ ಟ್ಯಾಂಕ್ ತೊಳೆಯುವವರು ಬಂದಿದ್ದರು. 'ಮೇಡಂ, ಇದನ್ನು ಪಕ್ಕಕ್ಕೆ ಇಡಲಾ?' ಅಂದರು. ನೋಡಿದರೆ ಟ್ಯಾಂಕಿನ ಹಿಂದೆ ನಾನು ಬಿಟ್ಟೇ ಬಿಟ್ಟಿದ್ದ ಎರಡನೇ ಗಿಡ. ಒಡೆದ ಪ್ಲಾಸ್ಟಿಕ್ ಬಕೆಟ್, ಅದರಲ್ಲಿ ಮನೆ ಕಟ್ಟುವಾಗ ಉಳಿದ ಜಲ್ಲಿ-ಮಣ್ಣು. ಪಶ್ಚಿಮದ ಬಿಸಿಲು ಪೂರ್ತಿ. ಅದರ ನಡುವಿನಿಂದ ಎಳೆ ಕಳಲೆಯ ಹಾಗೆ, ಪದರ ಪದರ ಮುಚ್ಚಿಕೊಂಡು, ಎರಡು ಗೇಣು ಉದ್ದದ ಹೂದಂಟು!

ಬಿಸಿಲೂರು
ನಾನು ಏನೂ ಹೇಳುವುದಿಲ್ಲ ರೀ.

ಎಲೆಮರೆ_ಕಾಯಿ
ಉಳಿದವುಗಳ ಮೇಲೆ ಬೇಜಾರು ಬೇಡ. ಬೇರು ಕದಲಿಸಿದ ಗಿಡ ಆ ವರ್ಷ ಬೇರಿನ ಕೆಲಸವನ್ನೇ ಮಾಡುತ್ತದೆ. ದಂಟಿನ ಮೊಗ್ಗುಗಳು ಈಗ ಮೇಲಕ್ಕೆ ಮುಖ ಮಾಡಿರುತ್ತವೆ. ಅರಳುವಾಗ ಒಂದೊಂದೇ ಕೆಳಗೆ ಜೋತುಬೀಳುತ್ತವೆ, ಬುಡದಿಂದ ತುದಿಗೆ. ಕಾಯಿ ಕಟ್ಟಲಿಲ್ಲ ಅಂತ ಆಮೇಲೆ ಕೇಳಬೇಡಿ. ಲೋಳೆಸರ ತನ್ನದೇ ಪರಾಗಕ್ಕೆ ಬೀಜ ಕಟ್ಟುವುದಿಲ್ಲ. ನಮ್ಮ ಮನೆಗಳ ಗಿಡ ಬಹುಪಾಲು ಮರಿಯಿಂದ ಮರಿಯಾಗಿ ಬಂದದ್ದು.

ಮಹಡಿ_ಮಲ್ಲಿಗೆ
ಫೆಬ್ರುವರಿ 6. ಕೆಳಗಿನ ಹತ್ತು ಹೂವು ಅರಳಿವೆ. ಬೆಳಿಗ್ಗೆ ಏಳೂವರೆಗೆ ಒಂದು ಸೂರಕ್ಕಿ ಬರುತ್ತದೆ. ಹಾರುತ್ತಾ ಕುಡಿಯುವುದಿಲ್ಲ, ದಂಟಿಗೇ ಕಾಲು ಕಚ್ಚಿ ತಲೆಕೆಳಗಾಗಿ ಜೋತುಬಿದ್ದು, ಒಂದೊಂದು ಹೂವಿಗೂ ಕೊಕ್ಕು ತೂರಿಸಿ ಮುಂದಿನದಕ್ಕೆ ಸರಿಯುತ್ತದೆ. ಅದರ ಹಣೆ ಮೇಲೆ ಹಳದಿ ಪುಡಿ. ಕಾಫಿ ಆರಿಹೋಗುವ ತನಕ ನೋಡಿದೆ. ನಮ್ಮತ್ತೆಗೆ ತೋರಿಸಿದೆ. ಅವರು ಹಕ್ಕಿ ನೋಡಿ, ಗಿಡ ನೋಡಿ, ದಪ್ಪ ಎಲೆಯೊಂದನ್ನು ಮುರಿದುಕೊಂಡು ತಲೆಗೆ ಹಚ್ಚಲು ಹೋದರು.

ಅಜ್ಜಿಮನೆ
ಸರಿಯಾಗೇ ಮಾಡಿದ್ದಾರೆ.

ರಾತ್ರಿಪಾಳಿ
ಆ ಬಕೆಟ್ ಗಿಡಕ್ಕೆ ಮರಿ ಇದೆಯಾ? ಒಂದು ನನಗೆ ಬೇಕು. ಮೂಲಂಗಿ ಬೀಜ ಇದೆ, ಬದಲಿಗೆ ಕೊಡಬಲ್ಲೆ.

ಮಹಡಿ_ಮಲ್ಲಿಗೆ
ಆರು ಮರಿ ಇವೆ. ಹೂವು ಮುಗಿಯಲಿ, ಮಾರ್ಚ್‌ನಲ್ಲಿ ಬೇರೆ ಮಾಡುತ್ತೇನೆ. ಒಂದು ನಿಮಗೆ, ಒಂದು ಹಾಸನಕ್ಕೆ. ಕುಂದಾಪುರದ ಕಡೆ ಯಾರಾದರೂ ಬಸ್ಸಿಗೆ ಹೋಗುವವರಿದ್ದರೆ ಹೇಳಿ, ಪೇಪರಿನಲ್ಲಿ ಸುತ್ತಿ ಕೊಡುತ್ತೇನೆ.

ಕಡಲತಡಿ
ನನ್ನ ತಂಗಿ ಹೋಳಿ ಹಬ್ಬದ ರಜೆಯಲ್ಲಿ ಊರಿಗೆ ಬರುತ್ತಾಳೆ. ಮಲ್ಲೇಶ್ವರದಲ್ಲಿ ಇರುವುದು. ಬೇರು ತೊಳೆದು, ಒಣಗಿಸಿಯೇ ಕೊಡಿ ಆಯ್ತಾ, ಒದ್ದೆ ಪೇಪರ್ ಬೇಡ.